ಡ್ರ್ಯಾಗನ್ ಕಳ್ಳಿಗೆ ಮಳೆಗಾಲದ ಬೂಷ್ಟು



ಕಳೆದ ಭಾನುವಾರ ಬಲಿಪೂಜೆ ಮುಗಿದ ಮೇಲೆ ನಮ್ಮ ಧರ್ಮಕೇಂದ್ರದ ರೈತರೊಬ್ಬರು ಡ್ರ್ಯಾಗನ್ ಹಣ್ಣಿನ ಗಿಡದ ತುಂಡೊಂದನ್ನು ಚೀಲದಲ್ಲಿ ಹಾಕಿಕೊಂಡು ಬಂದಿದ್ದರು. ಮೈತುಂಬ ಕಂದು ಹುರುಪು. ಒಂದು ತುದಿ ಕೊಳೆತು ಮೆತ್ತಗಾಗಿತ್ತು. "ಫಾದರ್, ದ್ರಾಕ್ಷಿಗೆ ಔಷಧ ಹೊಡದು ಹೊಡದು ಸಾಕಾಗಿ ಇದನ್ನ ಹಚ್ಚೇನ್ರಿ. ಕಳ್ಳಿಗೆ ರೋಗ ಬರೂದಿಲ್ಲ ಅಂದಿದ್ರು. ಈಗೇನ್ ಮಾಡ್ಲ್ರಿ?" ಎಂದರು. ಕಂಬ, ಚಕ್ರ, ಹನಿ ನೀರಾವರಿ ಎಂದು ಸಾಲ ತೆಗೆದು ಹಾಕಿದ ತೋಟ ಅದು. ಆದ್ದರಿಂದ ಈ ತಿಂಗಳು ಇದೇ ವಿಷಯವನ್ನು ಬರೆಯುತ್ತಿದ್ದೇನೆ.

ಡ್ರ್ಯಾಗನ್ ಹಣ್ಣು ಕಳ್ಳಿಯ ಕುಲದ್ದು ಎಂಬುದು ನಿಜ. ಆದರೆ ನಮ್ಮ ಬೇಲಿಯ ಪಾಪಾಸುಕಳ್ಳಿಯಂತೆ ಅದು ಸುಡುಬಿಸಿಲಿನ ಗಿಡವಲ್ಲ. ಮಧ್ಯ ಅಮೆರಿಕದ ಕಡೆ ಮರಗಳನ್ನು ಹಬ್ಬಿಕೊಂಡು ಅರೆನೆರಳಿನಲ್ಲಿ ಬೆಳೆದ ಬಳ್ಳಿ. ಬೇರು ಮೇಲುಮೇಲೇ ಹರಡುತ್ತದೆ, ನಿಂತ ನೀರನ್ನು ತಾಳುವುದಿಲ್ಲ. ಜತ್ತ, ಆಟಪಾಡಿ ಕಡೆಯ ಮುರಮು ನೆಲದಲ್ಲಿ ಮಳೆನೀರು ಬೇಗ ಇಂಗಿಹೋಗುತ್ತದೆ. ಕವಲಾಪುರದ ಸುತ್ತ ಎರೆಮಣ್ಣು ಇರುವ ಹೊಲದಲ್ಲಿ ಹಾಗಾಗುವುದಿಲ್ಲ. ಅಲ್ಲಿ ಏರುಮಡಿ ಮಾಡದೆ ನೆಟ್ಟವರು ಬೂಷ್ಟಿಗೆ ತಾವೇ ಬಾಗಿಲು ತೆರೆದಂತೆ.

ಇನ್ನೊಂದು ಬಾಗಿಲು ಬೇಸಿಗೆಯಲ್ಲೇ ತೆರೆದಿರುತ್ತದೆ. ಏಪ್ರಿಲ್-ಮೇ ಬಿಸಿಲಿಗೆ ಕಾಂಡದ ಮೇಲ್ಮೈ ಸುಟ್ಟು ಹಳದಿಯಾಗುತ್ತದೆ. ಆಗ ನಾವು ಗಮನಿಸುವುದಿಲ್ಲ. ಮಿರಗದ ಮಳೆ ಬಿದ್ದು ಹವೆ ತೇವವಾದೊಡನೆ ಅದೇ ಸುಟ್ಟ ಜಾಗದಿಂದ ಬೂಷ್ಟು ಒಳಗಿಳಿಯುತ್ತದೆ. ರೋಗ ಕಾಣುವುದು ಮಳೆಗಾಲದಲ್ಲಿ, ಗಾಯ ಆಗಿರುವುದು ಬೇಸಿಗೆಯಲ್ಲಿ. ಬೇಸಿಗೆಯಲ್ಲಿ ನೆರಳುಬಲೆ ಕಟ್ಟುವ ಖರ್ಚು ಈ ಕಾರಣಕ್ಕೆ ದಂಡವಲ್ಲ.

ಮೊದಲು ಗುರುತು ಹಿಡಿಯಬೇಕು. ಕಾಂಡದ ಮೇಲೆ ಮಸಿಯಂತೆ ಕಪ್ಪು ಪೊರೆ ಇದ್ದು, ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುವುದಾದರೆ ಹೆದರಬೇಡಿ. ಅದು ಹೇನು, ಹಿಟ್ಟುತಿಗಣೆ ಬಿಟ್ಟ ಸಿಹಿ ಅಂಟಿನ ಮೇಲೆ ಬೆಳೆದದ್ದು. ಹುಳುವನ್ನು ತೊಲಗಿಸಿದರೆ ಅದೂ ತೊಲಗುತ್ತದೆ. ಬಿಳಿ ಹತ್ತಿಯಂಥದ್ದೆಲ್ಲ ಬೂಷ್ಟಲ್ಲ. ಬೇಲಿಯ ಪಾಪಾಸುಕಳ್ಳಿಯ ಮೇಲಿನ ಬಿಳಿ ಹತ್ತಿಯನ್ನು ಹಿಸುಕಿ ನೋಡಿ, ಕೈ ಕೆಂಪಾಗುತ್ತದೆ. ಅದು ಕೊಚಿನೀಲ್ ಎಂಬ ಹುಳು. ಹಬ್ಬಿ ತೊಂದರೆ ಕೊಡುತ್ತಿದ್ದ ಕಳ್ಳಿಯನ್ನು ಅಡಗಿಸಲು ಅದರ ಒಂದು ಜಾತಿಯನ್ನು 1926ರಲ್ಲಿ ಶ್ರೀಲಂಕಾದಿಂದ ದಕ್ಷಿಣ ಭಾರತಕ್ಕೆ ತರಿಸಿದ್ದರು.

ನಿಜವಾದ ಅಪಾಯ ಬೇರೆ. ಸಣ್ಣ ತಗ್ಗಾದ ಮಾಸಲು ಚುಕ್ಕೆಗಳು ಎದ್ದು, ಕೆಂಗಂದು ಹುರುಪಾಗಿ, ಅದರಲ್ಲಿ ಕರಿ ಕಾಳಿನಂಥ ಬೊಟ್ಟುಗಳು ಕಂಡರೆ ಅದು ಕಾಂಡದ ಹುಣ್ಣುರೋಗ. ನಿಯೋಸೈಟಾಲಿಡಿಯಂ ಎಂಬ ಶಿಲೀಂಧ್ರ ಇದಕ್ಕೆ ಕಾರಣ. ವಿಯೆಟ್ನಾಂ, ತೈವಾನ್ ರೈತರನ್ನೂ ಇದು ಬಹಳ ಕಾಡಿದೆ. ಕಂದು ಮಚ್ಚೆಯ ಸುತ್ತ ಹಳದಿ ಬಳೆ ಇದ್ದರೆ ಅದು ಕರಪಾ. ದ್ರಾಕ್ಷಿ ಬೆಳೆದವರಿಗೆ ಆ ಹೆಸರು ಹೊಸದಲ್ಲ.

ಇಂಥಲ್ಲಿ ಔಷಧಕ್ಕಿಂತ ಮೊದಲು ಬೇಕಾದದ್ದು ಚಾಕು. ಮಳೆ ಬಿಟ್ಟ ಒಣದಿನ ನೋಡಿ, ಹುಣ್ಣಿನ ಕೆಳಗೆ ಎರಡು ಮೂರು ಇಂಚು ಒಳ್ಳೆಯ ಹಸಿರು ಸೇರಿಸಿ ಕತ್ತರಿಸಿ. ಕತ್ತರಿಸಿದ ಮುಖದ ನಡುವೆ ಕಂದುಗೆರೆ ಕಂಡರೆ ಇನ್ನೂ ಕೆಳಗೆ ಹೋಗಿ. ಪ್ರತಿ ಕೊಯ್ತಕ್ಕೂ ಚಾಕುವನ್ನು ಸ್ಪಿರಿಟ್ಟಿನಿಂದ ಒರೆಸಬೇಕು. ಬೇಸರದ ಕೆಲಸ, ಆದರೆ ಒರೆಸದ ಚಾಕುವೇ ರೋಗವನ್ನು ಕಂಬದಿಂದ ಕಂಬಕ್ಕೆ ಒಯ್ಯುತ್ತದೆ. ಕೊಯ್ದ ಬಾಯಿಗೆ ಬೋರ್ಡೋ ಮುಲಾಮು ಹಚ್ಚಿ: ಮೈಲುತುತ್ತ 1 ಕಿಲೋ, ಸುಣ್ಣ 1 ಕಿಲೋ, ನೀರು 10 ಲೀಟರ್. ಸಿಂಪಡಿಸಲು ಅಷ್ಟೇ ಮೈಲುತುತ್ತ ಮತ್ತು ಸುಣ್ಣಕ್ಕೆ ನೀರು 100 ಲೀಟರ್. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಪಾತ್ರೆಯಲ್ಲಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಹೊಳೆಯುವ ಕಬ್ಬಿಣದ ಚಾಕುವನ್ನು ಒಂದು ನಿಮಿಷ ಅದ್ದಿ ನೋಡಿ. ಕೆಂಪು ಹತ್ತಿದರೆ ಸುಣ್ಣ ಸಾಲದು. ಮಾಡಿದ ದಿನವೇ ಬಳಸಿಬಿಡಿ.

ತಾಯಂದಿರಿಗೂ ಒಂದು ಮಾತು. ಮೈಲುತುತ್ತ ಹೊಟ್ಟೆಗೆ ಹೋದರೆ ವಿಷ. ಅದರ ನೀಲಿ ಹರಳು ಮಕ್ಕಳಿಗೆ ಚೆಂದ ಕಾಣುತ್ತದೆ. ಅಡುಗೆಮನೆಯ ಗೂಡಿನಲ್ಲಿ ಇಡಲೇಬೇಡಿ. ಸಿಂಪಡಿಸುವವರು ಮೂಗು-ಬಾಯಿಗೆ ಬಟ್ಟೆ ಕಟ್ಟಿಕೊಳ್ಳಲಿ, ಕೈ ತೊಳೆಯದೆ ಚಹಾ ಮುಟ್ಟದಿರಲಿ. ಹೂವಾದ ಸುಮಾರು ಒಂದು ತಿಂಗಳಿಗೆ ಹಣ್ಣು ಕೊಯ್ಲಿಗೆ ಬರುತ್ತದೆ. ಹಣ್ಣಿನ ಪದರಗಳ ಸಂದಿಯಲ್ಲಿ ಔಷಧ ಕೂತರೆ ತೊಳೆದರೂ ಸುಲಭವಾಗಿ ಹೋಗದು. ಆದ್ದರಿಂದ ಕೊಯ್ಲು ಸಮೀಪಿಸಿದಾಗ ಹೊಡೆಯಬೇಡಿ. ಅಂಗಡಿಯವರು ಬೇರೆ ಪುಡಿ ಕೊಟ್ಟರೆ ಡಬ್ಬಿಯ ಮೇಲಿನ ಚೀಟಿ ಓದದೆ ತರಬೇಡಿ.

ಕೊಯ್ಲು ಮುಗಿದ ಮೇಲೆ ಕೊಡೆಯಂತೆ ದಟ್ಟವಾದ ಕೊಂಬೆಗಳನ್ನು ತೆಳುಮಾಡಿದರೆ ನಡುವೆ ಗಾಳಿಯಾಡುತ್ತದೆ. ಮಳೆ ಹಿಡಿದಿರುವಾಗ ಹನಿ ನೀರನ್ನು ನಿಲ್ಲಿಸಿ. ಚರ್ಚಿನ ಅಂಗಳದಲ್ಲಿ ನಾನು ನೆಟ್ಟ ಎರಡು ಗಿಡಗಳಲ್ಲಿ ಒಂದು ಸತ್ತದ್ದು ನನ್ನ ಅತಿ ನೀರಿನಿಂದಲೇ.

ಕತ್ತರಿಸಿದ ರೋಗದ ತುಂಡುಗಳನ್ನು ಬದುವಿನ ಮೇಲೆ ಎಸೆಯಬೇಡಿ, ತಿಪ್ಪೆಗೂ ಹಾಕಬೇಡಿ. ಆಳವಾಗಿ ಹೂಳಿ. ನೆರೆಯವರು ನೆಡಲು ತುಂಡು ಕೇಳಿದರೆ ಚುಕ್ಕೆಯಿಲ್ಲದ ಗಿಡದ್ದನ್ನೇ ಕೊಡಿ. ಕೊಯ್ದ ಬಾಯಿ ಒಣಗುವ ತನಕ, ಒಂದು ವಾರದಷ್ಟು, ನೆರಳಿನಲ್ಲಿ ಇಟ್ಟು ಆಮೇಲೆ ನೆಡಲು ಹೇಳಿ.