ಜಾಲಿ ಕಟ್ಟಿಗೆ, ಟ್ರ್ಯಾಕ್ಟರ್, ಜೆಸಿಬಿ: ತಪ್ಪು ಕಲ್ಪನೆ ಮತ್ತು ವಾಸ್ತವ

ದೇವಣಗಾಂವದಂಥ ಭೀಮಾ ದಂಡೆಯ ಊರುಗಳಲ್ಲಿ ಉರುವಲು ಎಂದರೆ ಬಳ್ಳಾರಿ ಜಾಲಿ, ತೊಗರಿ ಕಟ್ಟಿಗೆ, ಹತ್ತಿ ಕಟ್ಟಿಗೆ. ಮನೆಗೆ ಗ್ಯಾಸ್ ಬಂದಿದ್ದರೂ ರೊಟ್ಟಿಗೆ, ಮದುವೆ ಅಡುಗೆಗೆ, ಜಾತ್ರೆಯ ದಾಸೋಹಕ್ಕೆ ಕಟ್ಟಿಗೆ ಬೇಕೇ ಬೇಕು. ಕೊಡಲಿ, ಚಕ್ಕಡಿಗಳ ಜಾಗಕ್ಕೆ ಜೆಸಿಬಿ, ಟ್ರ್ಯಾಕ್ಟರ್ ಬಂದು ಕೆಲಸ ಹಗುರಾಗಿದೆ. ಆದರೆ ಅವುಗಳ ಬಗ್ಗೆ ನಾವೆಲ್ಲ ನಂಬಿಕೊಂಡು ಬಂದ ಕೆಲವು ಮಾತುಗಳು ಜೀವಕ್ಕೇ ಎರವಾಗುವಂಥವು.

ತಪ್ಪು ಕಲ್ಪನೆ: ಗಿಡ ಎಳೆಯುವ ಸರಪಳಿಯನ್ನು ಟ್ರ್ಯಾಕ್ಟರಿಗೆ ಎತ್ತರಕ್ಕೆ ಕಟ್ಟಿದಷ್ಟೂ ಎಳೆತ ಜೋರು. ಮುಂದಿನ ಗಾಲಿ ಎದ್ದರೆ ಬಂಪರ್ ಮೇಲೆ ಇಬ್ಬರನ್ನು ನಿಲ್ಲಿಸಿದರಾಯಿತು. ಹಳೆಯ ಗಿಡ ಎಳೆಯುವಾಗ ಟ್ರ್ಯಾಕ್ಟರ್ ಪಲ್ಟಿಯಾದರೆ ಅದು ಗಿಡದಲ್ಲಿದ್ದ ದೆವ್ವದ ಕೆಲಸ.

ವಾಸ್ತವ: ಹಳೆಯ ಗಿಡ ಎಳೆಯುವಾಗಲೇ ಪಲ್ಟಿ ಹೆಚ್ಚು ಎಂದು ಹಿರಿಯರು ಗಮನಿಸಿದ್ದರೆ ಅದು ಸರಿಯೇ. ಕಾರಣ ಮಾತ್ರ ಬೇರೆ. ಹಳೆಯ ಗಿಡದ ಬೇರು ಆಳಕ್ಕೆ ಇಳಿದಿರುತ್ತದೆ, ಬೊಡ್ಡೆ ಕದಲುವುದಿಲ್ಲ. ಹಿಂದಿನ ಗಾಲಿಗಳು ನೆಲವನ್ನು ಬಿಗಿಯಾಗಿ ಹಿಡಿದಿದ್ದರೆ, ಗಾಲಿ ತಿರುಗಿಸಲಾಗದ ಎಂಜಿನ್ ಶಕ್ತಿ ಟ್ರ್ಯಾಕ್ಟರಿನ ಮೈಯನ್ನೇ ಹಿಂದಿನ ಆಕ್ಸಲ್ ಸುತ್ತ ಮೇಲಕ್ಕೆತ್ತುತ್ತದೆ. ಸರಪಳಿ ಕೆಳಗಿನ ಡ್ರಾಬಾರ್‌ನಲ್ಲಿದ್ದರೆ, ಮೂತಿ ಎದ್ದಂತೆ ಕೊಂಡಿ ಕೆಳಗಿಳಿದು ಮಗುಚುವ ಒತ್ತಡ ತಗ್ಗುತ್ತದೆ. ಅದನ್ನೇ ಮೇಲಿನ ಟಾಪ್ ಲಿಂಕ್‌ಗೆ ಕಟ್ಟಿದರೆ, ಸರಪಳಿಯ ಎಳೆತವೂ ಸೇರಿಕೊಂಡು ಟ್ರ್ಯಾಕ್ಟರನ್ನು ಚಾಲಕನ ಮೇಲೆ ಕೆಡವುತ್ತದೆ. ಒಂದೂವರೆ ಸೆಕೆಂಡಿನೊಳಗೆ ಎಲ್ಲ ಮುಗಿದಿರುತ್ತದೆ. ಕ್ಲಚ್ ತುಳಿದು ಬಚಾವಾಗುತ್ತೇನೆ ಎಂಬ ಧೈರ್ಯ ಇಲ್ಲಿ ನಡೆಯುವುದಿಲ್ಲ.

ಬಂಪರ್ ಮೇಲೆ ನಿಂತವರು ಈ ಶಕ್ತಿಯನ್ನು ತಡೆಯಲಾರರು. ಟ್ರ್ಯಾಕ್ಟರ್ ಎದ್ದರೆ ಅವರೂ ಬೀಳುತ್ತಾರೆ. ಸರಪಳಿ ಹರಿದರೆ ಮುಂದಕ್ಕೆ ನುಗ್ಗಿದ ಗಾಲಿಯಡಿ ಸಿಗುವವರೂ ಅವರೇ. ದಯವಿಟ್ಟು ಯಾರನ್ನೂ ಅಲ್ಲಿ ನಿಲ್ಲಿಸಬೇಡಿ. ಮೊದಲು ಬೊಡ್ಡೆಯ ಸುತ್ತ ಅಗೆದು ಪಕ್ಕದ ಬೇರು ಕಡಿಯಬೇಕು. ಸರಪಳಿಯನ್ನು ಡ್ರಾಬಾರ್‌ಗೇ ಕಟ್ಟಿ, ಜಗ್ಗು ಕೊಡದೆ, ಕೆಳಗಿನ ಗೇರಿನಲ್ಲಿ ನಿಧಾನವಾಗಿ ಎಳೆಯಬೇಕು. ಉಳಿದವರು ಸರಪಳಿಯ ಉದ್ದಕ್ಕಿಂತ ದೂರ ನಿಲ್ಲಬೇಕು. ಇಷ್ಟಕ್ಕೂ ಕದಲದ ಬೊಡ್ಡೆ ಟ್ರ್ಯಾಕ್ಟರಿನ ಕೆಲಸವಲ್ಲ, ಅದನ್ನು ಜೆಸಿಬಿಗೆ ಬಿಡಬೇಕು.

ತಪ್ಪು ಕಲ್ಪನೆ: ಜೆಸಿಬಿ ಹಚ್ಚಿ ಒಮ್ಮೆ ತೆಗೆಸಿದರೆ ಬಳ್ಳಾರಿ ಜಾಲಿ ಮತ್ತೆ ಬರುವುದಿಲ್ಲ.

ವಾಸ್ತವ: ಈ ಗಿಡ ಅಮೆರಿಕ ಖಂಡದ್ದು, 19ನೇ ಶತಮಾನದಲ್ಲಿ ಭಾರತಕ್ಕೆ ಬಂತು. ಇದು ಚಿಗುರುವುದು ನೆಲದ ಕೆಳಗೆ, ಕಾಂಡ ಮತ್ತು ಬೇರು ಕೂಡುವ ಗಂಟಿನಿಂದ. ಬಕೆಟ್ ತಾಗಿ ಕಾಂಡ ಮುರಿದು ಗಂಟು ಉಳಿದರೆ, ಒಂದು ಕಾಂಡ ಇದ್ದಲ್ಲಿ ಹಲವು ಏಳುತ್ತವೆ. ಗಂಟು ತೆಗೆದರೂ ಬೀಜ ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಆಡು, ದನ ಕಾಯಿ ತಿಂದು ಸಗಣಿ ಹಿಕ್ಕೆಗಳಲ್ಲಿ ಅದನ್ನು ಹರಡುತ್ತವೆ. ಹಾಗಾಗಿ ಹೊಲ ಬಿಡಿಸಬೇಕಾದವರು ಗಂಟು ಸಮೇತ ತೆಗೆಸಿ, ಮುಂದಿನ ಮಳೆಗಾಲಗಳಲ್ಲೂ ಸಸಿ ಕೀಳುತ್ತಿರಬೇಕು. ಕಟ್ಟಿಗೆಯಷ್ಟೇ ಬೇಕಾದವರು ಬುಡ ಉಳಿಸಿ ಕಡಿಯಲಿ, ಅದು ಮತ್ತೆ ಚಿಗುರಿ ಕಟ್ಟಿಗೆ ಕೊಡುತ್ತದೆ. ಎರಡೂ ಬೇಕೆಂದು ಅರ್ಧಂಬರ್ಧ ಕೀಳಿಸಿದರೆ ಬಾಡಿಗೆ ದಂಡ. ಹೊಳೆದಂಡೆಯಲ್ಲಂತೂ ಬೇರುಸಹಿತ ಒಮ್ಮೆಗೇ ಬಯಲು ಮಾಡಬಾರದು. ಸಡಿಲಾದ ಮಣ್ಣು, 2020ರ ಅಕ್ಟೋಬರಿನಲ್ಲಿ ಬಂದಂಥ ಮಹಾಪೂರಕ್ಕೆ ಸುಲಭದ ತುತ್ತು.

ತಪ್ಪು ಕಲ್ಪನೆ: ಬನ್ನಿ ಗಿಡಕ್ಕೆ ಯಂತ್ರ ತಾಗಿದರೆ ಮನೆಗೆ ಕೇಡು, ಬಕೆಟ್ಟಿಗೆ ನಿಂಬೆಹಣ್ಣು ಕಟ್ಟಿದರೆ ದೋಷವಿಲ್ಲ.

ವಾಸ್ತವ: ಬನ್ನಿ ಶಾಪ ಕೊಡುವುದಿಲ್ಲ. ಆದರೆ ಅದು ಆಳದ ನೀರಿಗೆ ಬೇರು ಚಾಚುವ, ಮಣ್ಣಿಗೆ ಸಾರಜನಕ ಸೇರಿಸುವ ನಮ್ಮದೇ ನೆಲದ ಗಿಡ. ಎಳ್ಳ ಅಮಾವಾಸ್ಯೆಗೆ ಅದರ ಬುಡದಲ್ಲಿ ಪಾಂಡವರೆಂದು ಕಲ್ಲುಗಳನ್ನಿಟ್ಟು ಪೂಜಿಸುವ ರೂಢಿಯೇ ಎಷ್ಟೋ ಹೊಲಗಳಲ್ಲಿ ಅದನ್ನು ಉಳಿಸಿದೆ. ನಿಂಬೆಹಣ್ಣಿನಿಂದ ಗಿಡ ಉಳಿಯುವುದಿಲ್ಲ. ಯಂತ್ರದ ಮೇಲೆ ಕೂತವನಿಗೆ ದೂರದಿಂದ ಬನ್ನಿ, ಬಳ್ಳಾರಿ ಜಾಲಿ ಎರಡೂ ಒಂದೇ ಥರ ಕಾಣಬಹುದು. ಹಿಂದಿನ ದಿನವೇ ಬನ್ನಿಗೆ ಸುಣ್ಣದ ಪಟ್ಟಿ ಬಳಿದಿಡುವುದು ಒಳ್ಳೆಯದು.

ತಪ್ಪು ಕಲ್ಪನೆ: ಹಸಿ ಕಟ್ಟಿಗೆ ನಿಧಾನ ಉರಿಯುತ್ತದೆ, ಆದ್ದರಿಂದ ಬಾಳಿಕೆ ಬರುತ್ತದೆ. ಕಡಿದ ದಿನವೇ ಹೇರಿ ತಂದರೆ ಲಾಭ.

ವಾಸ್ತವ: ಬಳ್ಳಾರಿ ಜಾಲಿ ಹಸಿಯಾಗಿದ್ದಾಗಲೂ ಹೊತ್ತಿಕೊಳ್ಳುವುದರಿಂದ ಈ ನಂಬಿಕೆ ಬೆಳೆದಿದೆ. ಆದರೆ ಹಸಿ ಕಟ್ಟಿಗೆಯ ತೂಕದಲ್ಲಿ ಮೂರನೇ ಒಂದು ಪಾಲಿನಿಂದ ಅರ್ಧದವರೆಗೂ ನೀರೇ. ಡೀಸೆಲ್ ಸುಟ್ಟು ಆ ನೀರನ್ನು ಎಳೆದು ತರುತ್ತೇವೆ, ಒಲೆಯಲ್ಲಿ ಅದೇ ನೀರನ್ನು ಆವಿಯಾಗಿಸಲು ಬೆಂಕಿ ಖರ್ಚು ಮಾಡುತ್ತೇವೆ. ಉಳಿಯುವುದು ಹೊಗೆ, ಅದನ್ನು ಕುಡಿಯುವವರು ರೊಟ್ಟಿ ಬಡಿಯುವ ಹೆಣ್ಣುಮಕ್ಕಳು. ಒಡ್ಡಿನ ಮೇಲೆ ಸೀಳಿ ಒಟ್ಟಿ, ಬೇಸಿಗೆಯ ಬಿಸಿಲಿಗೆ ಬಿಟ್ಟು ತಂದರೆ ಅದೇ ಟ್ರೇಲರಿನಲ್ಲಿ ಹೆಚ್ಚು ಉರಿ ಬರುತ್ತದೆ. ತೂಕದ ಲೆಕ್ಕದಲ್ಲಿ ಕೊಳ್ಳುವವರು ಇದನ್ನು ಮರೆಯಬಾರದು.

ತಪ್ಪು ಕಲ್ಪನೆ: ಜಾಲಿಗೆ ಕಾನೂನಿಲ್ಲ, ಎಲ್ಲಿಂದ ಬೇಕಾದರೂ ಎಷ್ಟು ಬೇಕಾದರೂ ಹೇರಬಹುದು.

ವಾಸ್ತವ: 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ಕಡಿಯುವ ಅನುಮತಿಯಿಂದ ಬಳ್ಳಾರಿ ಜಾಲಿಗೆ ವಿನಾಯಿತಿ ಇರುವುದು ನಿಜ. ಅದರಿಂದ ಸರಕಾರಿ ಜಾಗದ ಗಿಡ ನಮ್ಮದಾಗುವುದಿಲ್ಲ, ನಡುವೆ ಕಡಿದ ಬೇರೆ ಗಿಡಕ್ಕೂ ಆ ವಿನಾಯಿತಿ ಸಿಗುವುದಿಲ್ಲ. ಟ್ರೇಲರಿನ ನೋಂದಣಿ, ಭಾರದ ಮಿತಿ 1988ರ ಮೋಟಾರು ವಾಹನ ಕಾಯ್ದೆಗೆ ಸೇರಿದ ಮಾತು. ಹೇರಿದ ಕಟ್ಟಿಗೆ ಪಕ್ಕಕ್ಕೆ ಚಾಚಿರಬಾರದು, ಹಗ್ಗ ಬಿಗಿದಿರಬೇಕು, ಹಿಂದೆ ಕೆಂಪು ರಿಫ್ಲೆಕ್ಟರ್ ಕಾಣುತ್ತಿರಬೇಕು. ಕಟ್ಟಿಗೆಯ ಮೇಲೆ ಆಳುಗಳನ್ನು ಕೂರಿಸಿಕೊಂಡು ಬರುವುದನ್ನಂತೂ ಇವತ್ತೇ ನಿಲ್ಲಿಸಬೇಕು.