ಉಪ್ಪನ ಪಿಎಸ್‌ಎ ಪರೀಕ್ಷೆ: ಸರಕಾರಿಯೋ, ಖಾಸಗಿಯೋ?

ರಾತ್ರಿ ನಾಲ್ಕೈದು ಸಲ ಮೂತ್ರಕ್ಕೆ ಏಳುವ ಉಪ್ಪ, ‘ವಯಸ್ಸಾಯ್ತಲ್ಲ, ಬಿಡು’ ಅನ್ನುತ್ತಾರೆ. ಬಿಡಬೇಡಿ. ಪ್ರಾಸ್ಟೇಟ್ ಗ್ರಂಥಿ ಊದಿರಬಹುದು, ಕೆಲವರಲ್ಲಿ ಕ್ಯಾನ್ಸರೂ ಇರಬಹುದು. ಮೊದಲ ಸುಳಿವು ಪಿಎಸ್‌ಎ ಎಂಬ ರಕ್ತಪರೀಕ್ಷೆಯಿಂದ ಸಿಗುತ್ತದೆ.

ಕ್ಯಾಸಂಬಳ್ಳಿ ಕಡೆ ಅಂಗಡಿ ಇಟ್ಟುಕೊಂಡವರಿಗೆ ಖಾಸಗಿ ಲ್ಯಾಬೇ ಸಲೀಸು. ದುಡ್ಡು ಮಾತ್ರ ಕೈಯಿಂದ. ವರದಿಯಲ್ಲಿ ಅಂಕಿ 4 ದಾಟಿದರೆ ಗಾಬರಿ ಬೇಡ. ಸೋಂಕಿನಿಂದಲೂ ಅದು ಏರುತ್ತದೆ.

ಖಾಸಗಿ ಆಸ್ಪತ್ರೆಗೆ ದಾಖಲಾಗುವ ಮುನ್ನ ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಯಂಥ ಕಡೆ ವೈದ್ಯರಿಗೆ ತೋರಿಸಿ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ. ತನಕ ನೆರವಿದೆ. ತುರ್ತಲ್ಲದಿದ್ದರೆ, ಪಟ್ಟಿಯಲ್ಲಿರುವ ಖಾಸಗಿ ಆಸ್ಪತ್ರೆಯಲ್ಲೂ ಅದಕ್ಕೆ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಸಾಲಿನಲ್ಲಿ ಅರ್ಧ ದಿನ ಹೋದರೂ, ಆ ಚೀಟಿಯಿಂದ ಮನೆ ಸಾಲಕ್ಕೆ ಬೀಳುವುದು ತಪ್ಪೀತು.