ಐದು ಗುಂಟೆಯ ಕಟ್ಟೆಗೂ ಒಂದು ಅಂಚು

ಮಾಗಡಿ ಕಡೆಯಿಂದ ರಾಮನಗರಕ್ಕೆ ಬರುವವರ ಕಣ್ಣು ಮೊದಲು ಹತ್ತುವುದು ಬಂಡೆಗಳ ಮೇಲಕ್ಕೆ. ಒಂದು ಕಡೆ ಸಾವನದುರ್ಗ, ಇನ್ನೊಂದು ಕಡೆ ರಾಮದೇವರ ಬೆಟ್ಟ. ಆದರೆ ಈ ಸೀಮೆಯ ಬದುಕು ಇರುವುದು ಬಂಡೆಯ ಬುಡದಲ್ಲಿ. ಒಂದು ಒಳ್ಳೆಯ ಮಳೆ ಬಿದ್ದರೆ ಸಾಕು, ಬೋಳುಗಲ್ಲಿನ ಮೇಲೆ ನಿಲ್ಲಲಾರದ ನೀರು ಜಾರಿ ಹಳ್ಳ ಸೇರುತ್ತದೆ. ಹಳ್ಳದಿಂದ ಗೋಕಟ್ಟೆಗೆ, ಕಟ್ಟೆ ತುಂಬಿದರೆ ಊರ ಕೆರೆಗೆ, ಕೆರೆ ಕೋಡಿ ಬಿದ್ದರೆ ಕೆಳಗಿನೂರ ಕೆರೆಗೆ. ಮಾಗಡಿ, ರಾಮನಗರ, ಕನಕಪುರದ ಬಹುಪಾಲು ನೀರು ಹೀಗೆ ಇಳಿಯುತ್ತ ಅರ್ಕಾವತಿ ಸೇರಿ ಸಂಗಮದಲ್ಲಿ ಕಾವೇರಿ ಮುಟ್ಟುತ್ತದೆ. ಚನ್ನಪಟ್ಟಣದ ಕಣ್ವ ಹೊಳೆ ಶಿಂಷಾ ಕಡೆಗೆ ತಿರುಗುತ್ತದೆ. ಅಲ್ಲಿ ಇಗ್ಗಲೂರು ಬ್ಯಾರೇಜಿನಿಂದ ಶಿಂಷಾ ನೀರನ್ನೇ ಮೇಲೆತ್ತಿ ಕೆರೆ ತುಂಬಿಸುತ್ತಾರೆ. ಆ ಕೆರೆಗಳಿಂದಾಗಿ ತೆಂಗಿನ ತೋಟಗಳು ಉಸಿರಾಡುತ್ತಿವೆ.

ಒಂದು ಗೋಕಟ್ಟೆಯ ದಡದಲ್ಲಿ ಸುಮ್ಮನೆ ನಿಂತು ನೋಡಬೇಕು. ಐದಾರು ಗುಂಟೆ ಇದ್ದರೆ ಹೆಚ್ಚು. ಅಂಚಿನ ಕೆಸರಿನಲ್ಲಿ ದನದ ಗೊರಸಿನ ಗುರುತುಗಳು, ಒಂದೊಂದು ಗುರುತಿನಲ್ಲೂ ಅಂಗೈಯಷ್ಟು ನೀರು, ಆ ನೀರಿನಲ್ಲಿ ಗೊದಮೊಟ್ಟೆ. ಅದರಾಚೆ ಜೊಂಡು, ಜೊಂಡಿನಾಚೆ ಹೊಂಗೆ ಮರ, ಮರಕ್ಕೆ ಒರಗಿಸಿ ಬಿಸಿಲಿಗೆ ಬಿಟ್ಟ ರೇಷ್ಮೆ ಚಂದ್ರಿಕೆ. ಬೇಸಿಗೆಯಲ್ಲಿ ಕಟ್ಟೆ ಬತ್ತಿದಾಗ ಕೆರೆಗೋಡು ಮಣ್ಣು ತುಂಬಿದ ಟ್ರ್ಯಾಕ್ಟರ್‌ಗಳು ಹಿಪ್ಪುನೇರಳೆ ತೋಟಕ್ಕೆ ಸಾಗುತ್ತವೆ. ಮಳೆನೀರು ಹೊತ್ತು ತರುವ ಮಣ್ಣನ್ನು ತಡೆದು, ಸೋಸಿ, ನಿಧಾನಕ್ಕೆ ಒಳಗೆ ಬಿಡುವುದು ಈ ಹುಲ್ಲಿನ ಅಂಚು. ಅಂಚು ಹೋದರೆ ಕಟ್ಟೆ ಕೆಲವೇ ಮಳೆಗಾಲದಲ್ಲಿ ಹೂಳಿನ ಗುಂಡಿಯಾಗುತ್ತದೆ.

ಈ ಅಂಚು ಎಷ್ಟಿರಬೇಕು ಎಂಬುದನ್ನು ತೀರ್ಮಾನಿಸುವುದು ವಿಧಾನಸೌಧ.

ಕೆರೆಗಳಿಗೆಂದೇ ಒಂದು ಕಾನೂನು ಬಂದ ಕತೆಯಲ್ಲಿ ಜನಸಂಘಟನೆಗಳ ಪಾಲು ದೊಡ್ಡದು. 2008ರಲ್ಲಿ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ಹೈಕೋರ್ಟಿಗೆ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿತು. ನ್ಯಾಯಮೂರ್ತಿ ಎನ್.ಕೆ. ಪಾಟೀಲ್ ಸಮಿತಿ ಕೆರೆಗಳ ಪರಿಸ್ಥಿತಿ ನೋಡಿ ವರದಿ ಕೊಟ್ಟಿತು. 2012ರ ಏಪ್ರಿಲ್‌ನಲ್ಲಿ ಕೆರೆಗಳನ್ನು ಉಳಿಸುವ ಆದೇಶ ಬಂತು. ಕೆರೆ ಸಂರಕ್ಷಣೆ ಮತ್ತು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ 2014ರದು. ಕೆರೆಯ ಗಡಿಯಿಂದ 30 ಮೀಟರ್ ಒಳಗೆ ಕೈಹಾಕಬಾರದು ಎಂಬ ಕಟ್ಟು ಅದರಲ್ಲಿತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಬೆಂಗಳೂರಿನ ಕೆರೆಗಳಿಗೆ 75 ಮೀಟರ್ ಎಂದಿತು. 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು.

2025ರ ಆಗಸ್ಟ್‌ನ ಮುಂಗಾರು ಅಧಿವೇಶನದಲ್ಲಿ ಆ 30 ಮೀಟರನ್ನೂ ಕರಗಿಸುವ ಮಸೂದೆಗೆ ಸದನಗಳು ಒಪ್ಪಿದವು. ತಿದ್ದುಪಡಿ ಮಸೂದೆಯ ಪ್ರಕಾರ ಅಂಚಿನ ಅಳತೆಯನ್ನು ಹೇಳುವುದು ಕೆರೆಯ ಗಾತ್ರ. ನೂರು ಎಕರೆ ಮೀರಿದ ಕೆರೆಗೆ 30 ಮೀಟರ್ ಉಳಿಯಿತು. 25ರಿಂದ 100 ಎಕರೆಯದಕ್ಕೆ 24, ಹತ್ತೆಕರೆ ದಾಟಿದ್ದಕ್ಕೆ 12, ಒಂದೆಕರೆ ದಾಟಿದ್ದಕ್ಕೆ 6. ಒಂದೆಕರೆಯೊಳಗಿನದಕ್ಕೆ 3 ಮೀಟರ್, ಅಂದರೆ ಒಂದು ಟ್ರ್ಯಾಕ್ಟರ್ ಅಡ್ಡ ನಿಲ್ಲಲೂ ಸಾಲದ ಜಾಗ. ಐದು ಗುಂಟೆವರೆಗಿನ ಕಟ್ಟೆಗೆ ಏನೂ ಇಲ್ಲ. ಗೊದಮೊಟ್ಟೆಯ ಕೆಸರಿನವರೆಗೆ ಸೈಟು ಬರಬಹುದು.

ಈ ಲೆಕ್ಕ ತಲೆಕೆಳಗಾಗಿದೆ ಎಂದೇ ನನ್ನ ಅಭಿಪ್ರಾಯ. ದೊಡ್ಡ ಕೆರೆ ತಾನಾಗಿ ತುಂಬುವುದಿಲ್ಲ, ಅದನ್ನು ತುಂಬುವುದು ಮೇಲಿನ ಸಣ್ಣ ಕಟ್ಟೆಗಳು, ಅವುಗಳ ನಡುವಿನ ಕಾಲುವೆಗಳು. ಸರಪಳಿಯ ಸಣ್ಣ ಕೊಂಡಿಯನ್ನು ಬಿಚ್ಚಿ ದೊಡ್ಡ ಕೊಂಡಿಗೆ ಬೇಲಿ ಹಾಕಿ ಏನು ಫಲ?

ಏನಾಗುತ್ತದೆ ಎಂದು ಊಹಿಸಬೇಕಾಗಿಲ್ಲ. ಮಾಗಡಿ ರಸ್ತೆಯ ತಿಪ್ಪಗೊಂಡನಹಳ್ಳಿ ಜಲಾಶಯ 1933ರಿಂದ ಬೆಂಗಳೂರಿಗೆ ನೀರುಣಿಸಿದ್ದು. ಕೊಳಚೆ ಸೇರಿ ಸೇರಿ 2012ರಲ್ಲಿ ಅಲ್ಲಿಂದ ಕುಡಿಯುವ ನೀರೆತ್ತುವುದೇ ನಿಂತಿತು. ಅದರ ಜಲಾನಯನ ಕಾಯಲು ಸರ್ಕಾರ 2003ರಲ್ಲಿ ಅಧಿಸೂಚನೆ ಹೊರಡಿಸಿತ್ತು. ಪರಿಸರ ಸಂಘಟನೆಗಳು ಬೇಡವೆಂದರೂ 2019ರಲ್ಲಿ ಅದನ್ನು ಸಡಿಲಿಸಲಾಯಿತು. ಇನ್ನು ಬಿಡದಿ ಪಕ್ಕದ ಬೈರಮಂಗಲಕ್ಕೆ ಹೋಗಿ. ಬೆಂಗಳೂರಿನ ಚರಂಡಿ, ಕಾರ್ಖಾನೆಗಳ ನೀರನ್ನೆಲ್ಲ ಹೊತ್ತ ವೃಷಭಾವತಿ ಅಲ್ಲಿ ಕೆರೆಯಾಗಿ ನಿಂತಿದ್ದಾಳೆ. ಕೋಡಿಯ ಬಳಿ ಬಿಳಿ ನೊರೆ ಏಳುತ್ತದೆ, ಗಾಳಿ ಬೀಸಿದರೆ ಮೂಗು ಮುಚ್ಚಬೇಕು. ಭತ್ತ ಬೆಳೆಯುತ್ತಿದ್ದ ಅಚ್ಚುಕಟ್ಟಿನಲ್ಲಿ ಈಗ ಸೀಮೆಹುಲ್ಲು, ಬೇಬಿ ಕಾರ್ನ್. ಆ ನೀರೇ ಮುಂದೆ ಕನಕಪುರದ ದಿಕ್ಕಿಗೆ ಹರಿದು ಅರ್ಕಾವತಿಗೆ ಬೀಳುತ್ತದೆ.

2025ರ ಮೇನಲ್ಲಿ ರಾಮನಗರ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸಚಿವ ಸಂಪುಟ ಒಪ್ಪಿತು. ಹೆಸರಿನ ಜೊತೆಗೆ ನೆಲದ ಬೆಲೆಯೂ ಬದಲಾಗುತ್ತದೆ. ಇಂಥ ಹೊತ್ತಿನಲ್ಲಿ ಮೂರು ಮೀಟರಿನ ಅಂಚನ್ನು ಕಾಯುವವರು ಯಾರು?

ಮಸೂದೆ ಅಂಗೀಕಾರವಾದ ಮೇಲೆ ಬೆಂಗಳೂರಿನ ಕೆರೆ ಬಳಗಗಳು, ಪರಿಸರ ಸಂಘಟನೆಗಳು ಕೈಜೋಡಿಸಿ ರಾಜ್ಯಪಾಲರ ಮೊರೆ ಹೋದವು, ಅಂಕಿತ ಹಾಕಬೇಡಿ ಎಂದವು. ಇದು ಬರಿಯ ಸಂಪ್ರದಾಯದ ಮನವಿಪತ್ರವಲ್ಲ. ಸಂವಿಧಾನದ 200ನೇ ವಿಧಿಯಂತೆ ರಾಜ್ಯಪಾಲರು ಮಸೂದೆಯನ್ನು ಮರುಪರಿಶೀಲನೆಗೆಂದು ಹಿಂದಕ್ಕೆ ಕಳಿಸಬಹುದು. ಸದನಗಳು ಮತ್ತೆ ಅದನ್ನೇ ಒಪ್ಪಿದರೆ ಅವರು ಅಂಕಿತ ತಡೆಯುವಂತಿಲ್ಲ. ಆದ್ದರಿಂದ ಶಾಸಕರ ಮನಸ್ಸು ತಿರುಗಬೇಕು. ಶಾಸಕರ ಮನಸ್ಸು ತಿರುಗಿಸುವ ಬಲ ಇರುವುದು ಮತ ಹಾಕುವ ಊರುಗಳಿಗೆ.

ನಗರದ ಸಂಘಟನೆಗಳಿಗೆ ಕಾನೂನು ಗೊತ್ತು, ಕೋರ್ಟು ಗೊತ್ತು. ಯಾವ ಸರ್ವೆ ನಂಬರಿನಲ್ಲಿ ಕಟ್ಟೆ ಇತ್ತು, ಯಾವ ಕಾಲುವೆಯ ಮೇಲೆ ಲೇಔಟ್ ಬಂತು ಎಂಬುದು ಗೊತ್ತಿರುವುದು ಹಳ್ಳಿಯ ಹಿರಿಯರಿಗೆ. ಈ ಎರಡು ತಿಳಿವಳಿಕೆ ಒಂದೇ ಮೇಜಿಗೆ ಬರಬೇಕು. ಗ್ರಾಮಸಭೆಗಳು ಮೊದಲು ತಮ್ಮ ಕೆರೆ, ಕಟ್ಟೆ, ಕುಂಟೆಗಳ ಪಟ್ಟಿಯನ್ನು ಸರ್ವೆ ನಂಬರಿನ ಸಮೇತ ಬರೆಸಲಿ. ಕಂದಾಯ ನಕ್ಷೆಯಲ್ಲಿರುವ ಪ್ರತಿಯೊಂದಕ್ಕೂ, ಗಾತ್ರ ಎಷ್ಟೇ ಇರಲಿ, 30 ಮೀಟರ್ ಬಿಡಬೇಕು, ಅವುಗಳನ್ನು ಕೂಡಿಸುವ ಕಾಲುವೆಗಳಿಗೂ ರಕ್ಷಣೆ ಬೇಕು ಎಂದು ನಿರ್ಣಯ ಮಾಡಿ ಜಿಲ್ಲೆಯ ಶಾಸಕರ ಕೈಗೆ ಕೊಡಲಿ.